ಪುಡಿ ಹಾಕದ ನೀಲಿ

ಮಂಗಳವಾರ, ಊಟ ಮುಗಿಸಿಕೊಂಡು

ನಮ್ಮ ಭಟ್ಟಿ ಸಾಹೇಬರಿಗೆ, ನಿಮ್ಮ ಗೀಚಮ್ಮನಿಂದ.

ಕ್ಷೇಮವೇ ಅಂತ ಕೇಳುವುದನ್ನು ಈ ಸಲ ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲೇ ಕೇಳಿಬಿಟ್ಟರೆ ನೀವು ಎಲ್ಲ ಚೆನ್ನಾಗಿದೆ ಅಂತ ಒಂದು ಸಾಲು ಬರೆದು ಕೈ ತೊಳೆದುಕೊಳ್ಳುತ್ತೀರಿ, ಆಮೇಲೆ ಬರೆಯುವುದಕ್ಕೆ ಇಬ್ಬರಿಗೂ ಏನೂ ಉಳಿಯುವುದಿಲ್ಲ. ಇವತ್ತು ನನಗೆ ಬರೆಯುವುದು ಬಹಳ ಇದೆ. ಕುರ್ಚಿ ಎಳೆದುಕೊಂಡು ಕೂತು ಓದಿ. ನಿಂತುಕೊಂಡೇ ಓದಿ ಜೇಬಿಗಿಳಿಸುವ ನಿಮ್ಮ ಅಭ್ಯಾಸ ನನಗೆ ಗೊತ್ತು.

ಚಿತ್ರ ಬರೆಯುವುದಕ್ಕೆ ನೀವು ಕಳಿಸಿದ ಖಾಲಿ ತಟ್ಟೆಗಳು ನಿನ್ನೆ ವ್ಯಾನಿನಲ್ಲಿ ಬಂದವು. ಒಂದರ ಅಂಚು ಮುಕ್ಕಾಗಿದೆ, ಉಳಿದವು ಸರಿಯಾಗಿವೆ. ಜೊತೆಗೆ ನಿಮ್ಮ ಚೀಟಿಯೂ ಸಿಕ್ಕಿತು. ಅದನ್ನು ಎಷ್ಟು ಸಲ ಓದಿದೆ ಅಂದರೆ ಮಡಿಕೆ ಬಿದ್ದಲ್ಲಿ ಕಾಗದ ಹರಿಯುವುದಕ್ಕೆ ಬಂದಿದೆ. ಪ್ರೇಮಪತ್ರವನ್ನೂ ನಾನು ಹಾಗೆ ಓದಿದವಳಲ್ಲ. ನೀವು ಬರೆದಿದ್ದರೆ ತಾನೇ ಓದುವುದು! ಇರಲಿ. ಆ ಚೀಟಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇವತ್ತಿನ ಚಿತ್ರ ಮುಗಿಯಿತು. ಕೆಳಗಿನ ವೆಲ್ಡಿಂಗ್ ಅಂಗಡಿಯವನು ಮುಖಕ್ಕೆ ಹಿಡಿದುಕೊಳ್ಳುವ ಕಪ್ಪು ಗಾಜಿನ ಮುಖವಾಡವನ್ನು ಬರೆದೆ. ನಿನ್ನೆ ಕಿಟಕಿಗೆ ಒರಗಿಸಿದ ಛತ್ರಿ. ಮೊನ್ನೆ ನನ್ನದೇ ಚಪ್ಪಲಿ, ಅದೂ ಒಂದೇ ಕಾಲಿನದು. ಬರೆಯುವುದಕ್ಕೆ ವಿಷಯ ಮುಗಿದು ಯಾವ ಕಾಲವಾಯಿತೋ. ಈ ಕೋಣೆಯಲ್ಲಿ ನಾನು ಬರೆಯದೆ ಬಿಟ್ಟ ವಸ್ತು ಅಂದರೆ ಬಾಗಿಲ ಹಿಂದಿನ ಪೊರಕೆ ಒಂದೇ, ನಾಳೆ ಅದರ ಸರದಿ. ಬರೆದು, ಫೋಟೋ ತೆಗೆದು, ಮಗಳು ನನ್ನನ್ನು ಸೇರಿಸಿದ, ದಿನಕ್ಕೊಂದು ಚಿತ್ರ ಅನ್ನುವ ಫೋನಿನ ಗುಂಪಿಗೆ ಹಾಕುತ್ತೇನೆ. ಗುಂಪಿನವರು ಹೃದಯ ಒತ್ತುತ್ತಾರೆ. ಜ್ವರ ಬಂದ ದಿನ ತಟ್ಟೆಯ ನಡುವೆ ಅಡ್ಡಕ್ಕೆ ಒಂದು ಗೆರೆ ಎಳೆದು ಹೊದ್ದು ಮಲಗಿಬಿಟ್ಟಿದ್ದೆ. ಅದನ್ನು ನೋಡಿ ಒಬ್ಬರು, ಎಂಥ ಮೌನ, ಎಂಥ ಮೌನ ಅಂತ ಕೊಂಡಾಡಿದರು. ಎಲ್ಲಕ್ಕಿಂತ ಹೆಚ್ಚು ಹೊಗಳಿಕೆ ಸಿಕ್ಕಿದ್ದು ಆ ಗೆರೆಗೇ.

ಈ ಚಾಲೆಂಜನ್ನು ಮಗಳು ಯಾಕೆ ತಲೆಗೆ ಕಟ್ಟಿದಳು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅಮ್ಮ ದಿನಾ ಒಂದು ತಟ್ಟೆಗೆ ಚಿತ್ರ ಬರೆಯಲಿ, ಅಪ್ಪ ಅದಕ್ಕೆ ಮೆರುಗು ಹಚ್ಚಿ ತನ್ನ ಭಟ್ಟಿಯಲ್ಲಿ ಸುಟ್ಟು ಅಲ್ಲೇ ಇಟ್ಟಿರಲಿ, ಎರಡು ವರ್ಷ ತುಂಬಿದ ಮೇಲೆ ಎಲ್ಲವನ್ನೂ ಒಂದು ಹಾಲ್‌ನಲ್ಲಿ ನೇತುಹಾಕಿ, ಅದರ ಕೆಳಗೆ ನಿಮ್ಮಿಬ್ಬರನ್ನೂ ನಿಲ್ಲಿಸುತ್ತೇನೆ ಅಂದಿದ್ದಳು. ನಮ್ಮಿಬ್ಬರನ್ನೂ ಒಂದೇ ಗೋಡೆಗೆ ಮೊಳೆ ಹೊಡೆಯುವ ಉಪಾಯ ಅದು. ನಾನು ಒಪ್ಪಿದೆ. ದಿನಾ ಬರೆದರೆ ಕೈ ಪಳಗುತ್ತದೆ ಅಂತ ಅವಳು ಪುಸಲಾಯಿಸಿದಳು. ಇಷ್ಟು ವರ್ಷ ಹೂಜಿ, ಬಟ್ಟಲು, ಟೈಲ್ಸ್ ಅಂತ ಬರೆದ ಕೈಯನ್ನು ಇನ್ನೇನು ಪಳಗಿಸುವುದು? ನಿಜ ಹೇಳಬೇಕೆಂದರೆ ಈಗ ನನ್ನ ಕೈ ಮೊದಲಿಗಿಂತ ಕೆಟ್ಟಿದೆ. ಬರೆಯಬೇಕು ಅನ್ನಿಸಿ ಬರೆಯುವುದು ನಿಂತುಹೋಗಿದೆ, ಹಲ್ಲುಜ್ಜಿದ ಹಾಗೆ ಬರೆಯುತ್ತಿದ್ದೇನೆ. ಒಂದು ಚಿತ್ರವೂ ನನಗೆ ಇಷ್ಟವಾಗಿಲ್ಲ.

ಆದರೂ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಅಂತ ಇಲ್ಲಿವರೆಗೆ ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಬಿಟ್ಟರೆ ಪೆಟ್ಟಿಗೆ ಕಳಿಸುವುದಕ್ಕೆ ನೆಪವಿರುವುದಿಲ್ಲ. ನಾನು ಹುಲ್ಲು ಹಾಸಿ, ತಟ್ಟೆಗಳ ನಡುವೆ ಹಳೇ ಪೇಪರು ತುರುಕಿ, ಹಗ್ಗ ಬಿಗಿದು ಕಳಿಸಿದ ಪೆಟ್ಟಿಗೆಯನ್ನು ನೀವು ಬಿಚ್ಚುತ್ತೀರಿ, ಒಂದೊಂದೇ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತೀರಿ, ಇವಳಿಗೆ ಇನ್ನೂ ಬೆರಳು ಬರೆಯೋಕೆ ಬರಲ್ಲ ಅಂತ ಗೊಣಗುತ್ತೀರಿ, ಮೆರುಗಿನ ಬಕೆಟ್ಟಿನಲ್ಲಿ ಅದ್ದುತ್ತೀರಿ. ಅಷ್ಟು ಹೊತ್ತಾದರೂ ನಾನು ನಿಮ್ಮ ಕೈಯಲ್ಲಿರುತ್ತೇನೆ ಅಂತ ಅಂದುಕೊಳ್ಳುತ್ತಿದ್ದೆ. ಈ ವಯಸ್ಸಿಗೆ ಇಂಥದ್ದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಆದರೆ ಇದೇ ನಿಜ.

ಅದರಲ್ಲಿ ಇನ್ನೊಂದು ಸಂಕಟವೂ ಇತ್ತು. ನಾನು ಮನೆ ಬಿಟ್ಟು ಬಂದದ್ದೇ ಆ ಭಟ್ಟಿಯ ಮೇಲಿನ ಸಿಟ್ಟಿಗೆ. ಡಾಕ್ಟರು ನಿಮ್ಮ ಎದೆಯ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು, ಮಣ್ಣಿನ ಧೂಳು ಇಲ್ಲೆಲ್ಲ ಕೂತಿದೆ, ಇನ್ನು ಸಾಕು ಮಾಡಿ ಅಂದರು. ನೀವು ತಲೆಯಾಡಿಸಿದಿರಿ. ಈ ಒಂದು ಲೋಡು ಸುಟ್ಟುಬಿಡ್ತೀನಿ ಅಂದಿರಿ. ಆಮೇಲೆ ಇನ್ನೊಂದು ಲೋಡು. ಆಮೇಲೆ ಮತ್ತೊಂದು. ನಿಮ್ಮ ಕೆಮ್ಮು ಕೇಳುತ್ತಾ ನಾನು ಪಕ್ಕದ ಕೋಣೆಯಲ್ಲಿ ಕುಂಚ ಹಿಡಿದು ಕೂತಿರುತ್ತಿದ್ದೆ. ಕೊನೆಗೆ ಒಂದು ದಿನ ಬಾಯಿಗೆ ಬಂದದ್ದನ್ನು ಹೇಳಿದೆ. ಭಟ್ಟಿ ಬೇಕೋ ನಾನು ಬೇಕೋ ನೀವೇ ನೋಡಿಕೊಳ್ಳಿ, ಭಟ್ಟಿ ಆರಿಸಿದ ದಿನ ನಾನು ಎಲ್ಲಿದ್ದರೆ ಅಲ್ಲಿಗೆ ಬನ್ನಿ, ಕ್ಷಮಿಸು ಗಿಮಿಸು ಏನೂ ಬೇಡ, ನಿಮ್ಮ ದಿಂಬು ಕಂಕುಳಲ್ಲಿ ಇಟ್ಟುಕೊಂಡು ಬಂದರೆ ಸಾಕು ಅಂದೆ. ನೀವು ಕೈಗಂಟಿದ ಮಣ್ಣು ಕೆರೆಯುತ್ತಾ ಆಯ್ತು ಅಂದಿರಿ. ಆ ಆಯ್ತು ಅನ್ನುವ ಮಾತನ್ನೇ ಗಂಟು ಕಟ್ಟಿಕೊಂಡು ನಾನು ಈ ಕೋಣೆಗೆ ಬಂದೆ. ಬಂದವಳು ಮಾಡಿದ್ದೇನು? ಯಾವ ಭಟ್ಟಿ ಆರಲಿ ಅಂತ ಕಾಯುತ್ತಿದ್ದೆನೋ ಅದಕ್ಕೇ ವಾರವಾರ ತಟ್ಟೆ ತುಂಬಿ ಕಳಿಸಿದೆ. ನಿಮ್ಮ ಎದೆಗೆ ಧೂಳು ಹಾಕುವವರಲ್ಲಿ ನಾನೂ ಒಬ್ಬಳಾದೆನಲ್ಲ ಅಂತ ಎಷ್ಟೋ ಸಲ ಬೈದುಕೊಂಡಿದ್ದೇನೆ. ಬೈದುಕೊಳ್ಳುತ್ತಲೇ ಹಗ್ಗ ಬಿಗಿದಿದ್ದೇನೆ.

ಈಗ ನೀಲಿಯ ಕಥೆ.

ನಮ್ಮ ನೀಲಿ ಹೇಗೆ ಕಲಸುವುದು ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ, ನನಗೆ ಕಲಿಸಿದವರೇ ನೀವು. ಕೋಬಾಲ್ಟ್ ಪುಡಿ, ಗೋಂದಿನ ನೀರು. ಆ ಪುಡಿ ಬೆಂಕಿ ಕಾಣುವವರೆಗೆ ಮಂಕಾಗಿ, ಬೂದಿ ಬೂದಿಯಾಗಿ ಕೂತಿರುತ್ತದೆ, ಎಲ್ಲಿ ಬರೆದೆವು ಎಲ್ಲಿ ಬಿಟ್ಟೆವು ಅಂತ ಕಣ್ಣಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಅದಕ್ಕೆ ನಾನು ಕೇಕಿಗೆ ಹಾಕುವ ನೀಲಿ ಬಣ್ಣವನ್ನು ಧಾರಾಳವಾಗಿ ಸೇರಿಸಿಕೊಳ್ಳುತ್ತೇನೆ. ಬರೆಯುವಾಗ ಕಾಣುವುದು ಕೇಕಿನ ಬಣ್ಣ. ಭಟ್ಟಿಯಲ್ಲಿ ಅದು ಉರಿದು ಹೋಗುತ್ತದೆ, ಪುಡಿಯ ನೀಲಿ ಮೇಲೇಳುತ್ತದೆ. ಇದು ಗೀಚಮ್ಮನ ಕಳ್ಳಾಟ ಅಂತ ನೀವು ನಗುತ್ತಿದ್ದಿರಿ.

ಭಾನುವಾರ ಬಾಟಲಿ ಖಾಲಿಯಾಯಿತು. ಹೊಸದು ಕಲಸೋಣ ಅಂತ ಗೂಡಿನಿಂದ ಪುಡಿಯ ಪೊಟ್ಟಣ ತೆಗೆದರೆ, ಅದರ ಬಾಯಿಗೆ ಅಂಗಡಿಯವನು ಹಾಕಿದ ಪಿನ್ನು ಹಾಗೇ ಇದೆ. ಹಳೇ ಪೊಟ್ಟಣ ಮುಗಿದ ಮೇಲೆ ತಂದದ್ದು ಇದೊಂದೇ. ಹಾಗಾದರೆ ಈಗ ಖಾಲಿಯಾದ ಬಾಟಲಿಗೆ ನಾನು ಹಾಕಿದ್ದೇನು? ನಿಂತಲ್ಲೇ ಲೆಕ್ಕ ಹಾಕಿದೆ. ಗೋಂದು ಹಾಕಿದ್ದು ನೆನಪಿದೆ. ಕೇಕಿನ ಬಣ್ಣ ಸುರಿದದ್ದು ನೆನಪಿದೆ, ತೋಳಿಗೆ ಸಿಡಿದ ಕಲೆ ಒಂದು ವಾರ ಹೋಗಿರಲಿಲ್ಲ. ಅಷ್ಟರಲ್ಲಿ ಮಗಳ ಫೋನು ಬಂದಿತ್ತು. ಮಾತು ಮುಗಿಸಿ ಬಂದು ನೋಡಿದರೆ ಬಾಟಲಿಯಲ್ಲಿ ಸೊಗಸಾದ ನೀಲಿ! ಎಲ್ಲ ಆಗಿದೆ ಅಂದುಕೊಂಡು ಮುಚ್ಚಳ ಹಾಕಿ ಅಲುಗಾಡಿಸಿದ್ದೆ. ಪುಡಿಯನ್ನೇ ಹಾಕದೆ ನೀಲಿ ಕಲಸಿದ್ದೆ. ಆ ಬಾಟಲಿಯಲ್ಲಿ ಎರಡು ಪೆಟ್ಟಿಗೆ ತುಂಬ ತಟ್ಟೆ ಬರೆದು ನಿಮಗೆ ಕಳಿಸಿದ್ದೆ.

ಮೊದಲು ನಗು ಬಂತು. ಆಮೇಲೆ ಬೆವರು ಬಂತು. ಖಾತ್ರಿ ಮಾಡಿಕೊಳ್ಳೋಣ ಅಂತ ಬಾಟಲಿಯ ತಳದಲ್ಲಿ ಉಳಿದದ್ದನ್ನು ಒಂದು ಒಡೆದ ತಟ್ಟೆಯ ಚೂರಿಗೆ ಬಳಿದು ಕೆಳಗಿನ ವೆಲ್ಡಿಂಗ್ ಅಂಗಡಿಗೆ ತೆಗೆದುಕೊಂಡು ಹೋದೆ. ಏನಮ್ಮಾ, ತಟ್ಟೆಗೂ ವೆಲ್ಡಿಂಗಾ ಅಂತ ಅವನು ನಕ್ಕ. ಇಕ್ಕಳದಲ್ಲಿ ಹಿಡಿದು ಗ್ಯಾಸ್ ಟಾರ್ಚಿನ ಜ್ವಾಲೆ ಬಿಟ್ಟ. ನೀಲಿ ಒಂದು ಸಲ ಕಂದು ಬಣ್ಣಕ್ಕೆ ತಿರುಗಿತು, ಆಮೇಲೆ ಇಲ್ಲವೇ ಇಲ್ಲ. ಚೂರು ಚಿಟ್ ಅಂತ ಸೀಳಿತು. ಎರಡು ಹೋಳೂ ತೊಳೆದಿಟ್ಟಷ್ಟು ಬಿಳಿ. ಎಲ್ಲಿ ಹೋಯ್ತಮ್ಮಾ ನಿಮ್ಮ ಬಣ್ಣ ಅಂತ ಅವನು ಮುಖವಾಡ ಸರಿಸಿ ಕೇಳಿದ. ನಾನು ಹೋಳುಗಳನ್ನು ಅಲ್ಲೇ ಬಿಟ್ಟು ಮೇಲೆ ಬಂದೆ.

ಬಂದವಳೇ ನಿಮಗೆ ಕ್ಷಮೆ ಕೇಳಿ ಒಂದು ಪತ್ರ ಶುರು ಮಾಡಿದೆ. ಪಾಪ, ಭಟ್ಟಿ ತಣ್ಣಗಾಗಿ ಬಾಗಿಲು ತೆಗೆದಾಗ ಎಲ್ಲ ಬೋಳು ತಟ್ಟೆಗಳನ್ನು ಕಂಡು ಮನುಷ್ಯ ಎಷ್ಟು ಗಾಬರಿಯಾಗಿರಬೇಡ, ಮೆರುಗು ಕೆಟ್ಟಿತೋ, ಉರಿ ಹೆಚ್ಚಾಯಿತೋ ಅಂತ ತಲೆ ಕೆಡಿಸಿಕೊಂಡಿರಬೇಕು ಅಂತ ಮರುಗಿದೆ. ನಿಮ್ಮ ಮುಖ ಹೇಗಾಗಿರುತ್ತದೆ ಅಂತ ನೆನೆಸಿಕೊಂಡು ಒಬ್ಬಳೇ ನಗುತ್ತಲೂ ಇದ್ದೆ. ಆ ಪತ್ರ ಅರ್ಧವಾಗಿತ್ತು, ನಿನ್ನೆ ವ್ಯಾನು ಬಂತು. ವ್ಯಾನಿನವನಿಗೆ ಟೀ ಕೊಟ್ಟು, ಅವನೆದುರೇ ನಿಮ್ಮ ಚೀಟಿ ಬಿಡಿಸಿದೆ.

ನೀವು ಏನು ಬರೆದಿದ್ದೀರಿ ಅಂತ ನಿಮಗೇ ನೆನಪು ಮಾಡುತ್ತೇನೆ. ಎರಡು ಪೆಟ್ಟಿಗೆಯೂ ಸುಟ್ಟಾಯಿತು, ಒಂದೂ ಒಡೆದಿಲ್ಲ, ನೀಲಿ ಈ ಸಲ ಬಂದ ಹಾಗೆ ಹಿಂದೆ ಯಾವತ್ತೂ ಬಂದಿರಲಿಲ್ಲ, ಅದರಲ್ಲೂ ಆ ಕೊಕ್ಕರೆಯ ರೆಕ್ಕೆ ನೋಡುವುದಕ್ಕೆ ಎರಡು ಕಣ್ಣು ಸಾಲದು.

ಪುಡಿ ಹಾಕದ ನೀಲಿಯಲ್ಲಿ ನಾನು ಬರೆದ ಆ ಕೊಕ್ಕರೆಯನ್ನು ನೀವು ಗುಂಪಿನ ಫೋಟೋದಲ್ಲಿ ನೋಡಿದಿರಿ ಅಲ್ಲವೇ? ಮಗಳು ಆ ಫೋಟೋಗಳನ್ನು ನಿಮ್ಮ ಫೋನಿಗೂ ಕಳಿಸುತ್ತಾಳೆ ಅಂತ ಆಮೇಲೆ ಗೊತ್ತಾಯಿತು.

ಚೀಟಿ ಮಡಿಸಿಟ್ಟು ವ್ಯಾನಿನವನನ್ನು ಕೇಳಿದೆ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ, ಅವನಿಗೆ ಇದು ಮುಚ್ಚಿಡಬೇಕಾದ ಸಂಗತಿ ಅಂತಲೇ ಗೊತ್ತಿರಲಿಲ್ಲ. ಭಟ್ಟಿ ಹೇಗೆ ಉರೀತಿದೆಯಪ್ಪಾ ಅಂತ ಕೇಳಿದ್ದಕ್ಕೆ ಅವನು ಟೀ ಲೋಟ ಕೆಳಗಿಟ್ಟು ನನ್ನನ್ನೇ ವಿಚಿತ್ರವಾಗಿ ನೋಡಿದ. ಯಾವ ಭಟ್ಟಿ ಅಮ್ಮಾ, ಅದು ಆರಿ ವರ್ಷದ ಮೇಲಾಯ್ತಲ್ಲ, ಈಗ ಅದರೊಳಗೆ ಬೆಕ್ಕು ಮರಿ ಹಾಕ್ಕೊಂಡಿದೆ, ಯಜಮಾನ್ರು ಹಾಲು ಇಡ್ತಾರೆ ಅಂದ. ನಾನು ಕಳಿಸಿದ ಪೆಟ್ಟಿಗೆಗಳು? ಶೆಡ್ಡಿನಲ್ಲಿ ಅವನೇ ಒಂದರ ಮೇಲೊಂದು ಜೋಡಿಸುತ್ತಾನಂತೆ. ಹಗ್ಗ ಬಿಚ್ಚಿದ್ದನ್ನು ಅವನು ನೋಡಿಲ್ಲವಂತೆ. ನೀವು ಹಾಕೋ ಗಂಟು ಬಿಚ್ಚೋದು ಯಾರಿಂದ ಆಗುತ್ತೆ ಬಿಡಿ ಅಂತ ನನ್ನನ್ನು ನಗಿಸುವುದಕ್ಕೆ ನೋಡಿದ. ಒಳ್ಳೆಯ ಮನುಷ್ಯ. ನಾನೂ ನಕ್ಕೆ. ಇನ್ನೊಂದು ಲೋಟ ಟೀ ಬಗ್ಗಿಸಿಕೊಟ್ಟೆ.

ಅವನು ಹೋದ ಮೇಲೆ ಒಂದೊಂದೇ ಹೊಳೆಯುತ್ತಾ ಬಂತು. ನಿಮ್ಮ ಚೀಟಿಗಳಲ್ಲಿ ಮೊದಲು ಮಣ್ಣಿನ ಹೆಬ್ಬೆಟ್ಟಿನ ಗುರುತು ಇರುತ್ತಿತ್ತು. ಈಚೆಗೆ ಕಾಗದ ಶುಭ್ರವಾಗಿರುತ್ತಿತ್ತು. ಅಂತೂ ಈ ಮನುಷ್ಯ ಕೈ ತೊಳೆಯುವುದು ಕಲಿತ ಅಂತ ನಾನು ಸಂತೋಷಪಟ್ಟಿದ್ದೆ. ತಟ್ಟೆಗಳ ಬುಡದಲ್ಲೂ ನೀವು ಬಹಳ ಹಿಂದೆ ಹಾಕುತ್ತಿದ್ದ ಹಳೆಯ ಮುದ್ರೆ ಇದೆ. ಆ ದೊಡ್ಡ ಹೋಟೆಲಿನವರು ಬೇಡವೆಂದ ಆರ್ಡರಿನ ತಟ್ಟೆಗಳು ತಾನೇ ಇವು? ಒಂದು ಸಲ ಸುಟ್ಟು, ಮೆರುಗು ಕಾಣದೆ ಮೂಲೆಯಲ್ಲಿ ಬಿದ್ದಿದ್ದವು. ಅವುಗಳನ್ನೇ ಸ್ವಲ್ಪ ಸ್ವಲ್ಪವಾಗಿ ನನಗೆ ಕಳಿಸುತ್ತಾ ಬಂದಿರಿ. ನನಗೆ ಮುದ್ರೆ ಕಂಡಿತ್ತು. ಹಳೇ ಮುದ್ರೆಯೇ ಚೆಂದ ಅಂತ ಮತ್ತೆ ಶುರು ಮಾಡಿರಬೇಕು ಅಂದುಕೊಂಡೆ. ಕಂಡದ್ದಕ್ಕೆಲ್ಲ ನಾನೇ ಒಂದೊಂದು ಒಳ್ಳೆಯ ಕಾರಣ ಹುಡುಕಿ ಕೊಡುತ್ತಿದ್ದೆ. ನಿಮಗೆ ಸುಳ್ಳು ಹೇಳುವ ಶ್ರಮ ನಾನು ಹೆಚ್ಚು ಕೊಟ್ಟಿಲ್ಲ.

ನಿನ್ನೆಯಿಂದ ನಿಮ್ಮ ಪರವಾಗಿ ನಾನೇ ವಾದ ಮಾಡುತ್ತಿದ್ದೇನೆ. ಭಟ್ಟಿ ಆರಿದೆ ಅಂತ ಗೊತ್ತಾದರೆ ಇವಳು ಕುಂಚ ಕೆಳಗಿಡುತ್ತಾಳೆ, ಇವಳ ಕೈ ಖಾಲಿಯಾಗುತ್ತದೆ, ಅದಕ್ಕೇ ಮುಚ್ಚಿಟ್ಟರು ಅಂತ ಒಂದು ವಾದ. ಮಗಳ ಆಸೆಗೆ ಮಣ್ಣು ಹಾಕುವುದು ಬೇಡ ಅಂತ ಇನ್ನೊಂದು. ಕೆಮ್ಮು ಹೆಚ್ಚಾಗಿ, ಏಳುವುದಕ್ಕೂ ಆಗದೆ, ನನಗೆ ಭಾರವಾಗಬಾರದು ಅಂತ ಅಲ್ಲೇ ಉಳಿದರು ಅಂತ ಮತ್ತೊಂದು. ಈ ಕೊನೆಯದು ನನ್ನನ್ನು ಬಹಳ ಹೆದರಿಸಿದೆ. ಹೆದರಿಸಿದೆ ಅಂದೆ, ಆದರೆ ಅದೇ ನಿಜವಾಗಿರಲಿ ಅಂತಲೂ ಒಳಗೊಳಗೇ ಬಯಸುತ್ತಿದ್ದೇನೆ. ನೋಡಿ ನನ್ನ ಬುದ್ಧಿ ಎಲ್ಲಿಗೆ ಬಂತು, ಗಂಡನಿಗೆ ಕಾಯಿಲೆ ಜೋರಾಗಿರಲಿ ಅಂತ ಬಯಸುವ ಹೆಂಡತಿ. ಯಾಕೆಂದರೆ ಅದು ನಿಜವಲ್ಲದಿದ್ದರೆ ಉಳಿಯುವುದು ಇಷ್ಟೇ: ಭಟ್ಟಿ ಆರಿದ ದಿನ ಬನ್ನಿ ಅಂದಿದ್ದೆ. ಭಟ್ಟಿ ಆರಿ ವರ್ಷದ ಮೇಲಾಯಿತು. ನೀವು ಬಂದಿಲ್ಲ. ಬರಬಾರದು ಅಂತಲೇ ಇಲ್ಲದ ಬೆಂಕಿಯನ್ನು ವಾರವಾರ ಚೀಟಿಯಲ್ಲಿ ಉರಿಸಿದಿರಿ.

ಈ ಸಾಲು ಬರೆದ ಮೇಲೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಸಿಟ್ಟು ಬಂದಿದೆ, ಸುಳ್ಳು ಹೇಳುವುದಿಲ್ಲ. ಅಷ್ಟು ವರ್ಷ ನಾನು ಆ ಇಟ್ಟಿಗೆ ಗುಡ್ಡೆಯನ್ನು ಸವತಿ ಅಂತ ದ್ವೇಷಿಸಿದೆ. ಪಾಪ, ಅದರ ತಪ್ಪೇನೂ ಇರಲಿಲ್ಲ.

ಆದರೆ ನಾನು ಮೊಂಡು ಹೆಂಗಸು, ನಿಮಗೇ ಗೊತ್ತಿದೆ. ಕಣ್ಣಾರೆ ಕಾಣದೆ ಯಾವುದನ್ನೂ ನಂಬುವವಳಲ್ಲ. ಇನ್ನೊಂದು ಸಲ ಕೇಳಿಬಿಡುತ್ತೇನೆ. ಬನ್ನಿ. ಇಲ್ಲಿ ಧೂಳಿಲ್ಲ. ಕೋಣೆ ಚಿಕ್ಕದು, ಆದರೆ ಮೇಜನ್ನು ಗೋಡೆಗೆ ತಳ್ಳಿದರೆ ಇನ್ನೊಂದು ಮಂಚ ಹಿಡಿಯುತ್ತದೆ, ಅಳತೆ ಮಾಡಿ ನೋಡಿದ್ದೇನೆ. ಮೆಟ್ಟಿಲು ಹತ್ತುವುದು ಕಷ್ಟವಾದರೆ ನಡುವೆ ಕೂರುವುದಕ್ಕೆ ಒಂದು ಸ್ಟೂಲ್ ಇಡೋಣ. ವೆಲ್ಡಿಂಗಿನವನು ಮಾತುಗಾರ, ನಿಮಗೆ ಬೇಸರವಾಗುವುದಿಲ್ಲ. ಚಿತ್ರ ಬರೆಯುವುದನ್ನು ನಾನು ನಾಳೆಯೇ ನಿಲ್ಲಿಸಬಲ್ಲೆ, ಅದಕ್ಕಾಗಿ ನೀವು ನಾಟಕ ಮಾಡಬೇಕಾಗಿಲ್ಲ. ಆ ಪೆಟ್ಟಿಗೆಗಳನ್ನು ಅಲ್ಲೇ ಬಿಟ್ಟು ಬನ್ನಿ. ಅವುಗಳಲ್ಲಿ ಯಾವ ಚಿತ್ರವೂ ನನಗೆ ಬೇಕಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುವಂಥವು ಅವು.

ಈ ಪತ್ರವನ್ನು ವ್ಯಾನಿನವನ ಕೈಲಿ ಕಳಿಸುವುದಿಲ್ಲ. ಗುರುವಾರ ಅವನು ಆ ಕಡೆ ಹೋಗುವಾಗ ನಾನೇ ಹತ್ತಿಕೊಂಡು ಬರುತ್ತೇನೆ. ಬಾಯಿಬಿಟ್ಟು ಹೇಳಲು ಹೋದರೆ ಅತ್ತುಬಿಡುತ್ತೇನೆ ಅಂತ ಬರೆದು ತರುತ್ತಿದ್ದೇನೆ. ನೀವು ಓದುವಾಗ ನಾನು ಆ ಬೆಕ್ಕಿನ ಮರಿಗಳನ್ನು ನೋಡುತ್ತಾ ಹಿತ್ತಿಲಲ್ಲಿ ನಿಂತಿರುತ್ತೇನೆ.

ಈಗ ಕೇಳುತ್ತೇನೆ. ಹೇಗಿದ್ದೀರಿ? ಕೆಮ್ಮು ಎಷ್ಟಿದೆ? ಮಲಗಿದಾಗ ಉಸಿರು ಕಟ್ಟುತ್ತದೆಯೇ? ಎಲ್ಲ ಚೆನ್ನಾಗಿದೆ ಅಂತ ಮಾತ್ರ ಹೇಳಬೇಡಿ.

ಇನ್ನೂ ನಿಮ್ಮವಳೇ ಆದ
ಗೀಚಮ್ಮ

ಮತ್ತೊಂದು ವಿಷಯ, ಗುರುವಾರ ಸಂಜೆ ಬರೆದದ್ದು:

ಬಂದಿದ್ದೆ. ನಿಮ್ಮ ಗೇಟಿನ ಎದುರಿಗೇ ಇದ್ದೆ. ಮುಂದಿನ ಸೀಟಿನಲ್ಲಿ ಸಾಮಾನು ತುಂಬಿದ್ದರಿಂದ ವ್ಯಾನಿನ ಹಿಂಭಾಗದಲ್ಲಿ ಕೂತಿದ್ದೆ. ಇಳಿಯುವುದಕ್ಕೆ ಚಪ್ಪಲಿ ಹುಡುಕುತ್ತಿದ್ದಾಗ ವ್ಯಾನಿನವನು ಅಭ್ಯಾಸಬಲದಿಂದ ಹಾರ್ನ್ ಹೊಡೆದ. ನೀವು ಹಿತ್ತಿಲ ಕಡೆಯಿಂದ ಬಂದಿರಿ. ಬಿರಬಿರನೆ ನಡೆದು ಬಂದಿರಿ, ಒಂದು ಸಲವೂ ಕೆಮ್ಮಲಿಲ್ಲ. ಮುಖ ತುಂಬಿಕೊಂಡಿದೆ. ಆ ನೀಲಿ ಅಂಗಿ ನಿಮಗೆ ಒಪ್ಪುತ್ತದೆ. ನನಗೆ ಎಷ್ಟು ಸಂತೋಷವಾಯಿತು ಅಂದರೆ ಎಲ್ಲ ಮರೆತು ಕೂಗಿಬಿಡುತ್ತಿದ್ದೆ, ಬಾಯಿ ತೆರೆದೂ ಇದ್ದೆ.

ಅಷ್ಟರಲ್ಲಿ ನೀವು ವ್ಯಾನಿನವನನ್ನು ಈ ಸಲ ಪೆಟ್ಟಿಗೆ ಇಲ್ವಾ ಅಂತ ಕೇಳಿದಿರಿ. ಅವನು ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿದ. ಇಲ್ಲ ಅನ್ನು ಅಂತ ನಾನು ತಲೆಯಾಡಿಸಿದೆ. ಇಲ್ಲ ಅಂದ.

ಸದ್ಯ, ಅಂದಿರಿ ನೀವು.

ಅದರಲ್ಲಿ ಸಿಟ್ಟಿರಲಿಲ್ಲ, ಅಸಹ್ಯವೂ ಇರಲಿಲ್ಲ. ತಪ್ಪಿತು ಅಂದುಕೊಂಡ ಬಸ್ಸು ಸಿಕ್ಕಾಗ ಅನ್ನುತ್ತೇವಲ್ಲ, ಹಾಗೆ ಮನಸ್ಸಿನಿಂದ ಅಂದಿರಿ. ಗೇಟು ಹಾಕಿಕೊಂಡು ಒಳಗೆ ಹೋದಿರಿ. ನಾನು ವ್ಯಾನು ತಿರುಗಿಸಲು ಹೇಳಿದೆ. ದಾರಿಯಲ್ಲಿ ಅವನೇ ವ್ಯಾನು ನಿಲ್ಲಿಸಿ ನನಗೆ ಟೀ ಕೊಡಿಸಿದ, ಅದು ಅವನ ದೊಡ್ಡ ಗುಣ.

ಈ ಪತ್ರವನ್ನು ಹರಿದುಹಾಕಬೇಕು ಅಂತ ಇತ್ತು. ಹಾಗೆ ಮಾಡಿದರೆ ನೀವು ಇನ್ನೂ ಚೀಟಿ ಬರೆಯುತ್ತಲೇ ಇರಬೇಕಾಗುತ್ತದೆ. ಅದಕ್ಕೇ ಕಳಿಸುತ್ತಿದ್ದೇನೆ. ಬನ್ನಿ ಅಂತ ಬರೆದಿರುವ ಕಡೆಯೆಲ್ಲ ಹೊಡೆದುಹಾಕಿಕೊಂಡು ಓದಿ. ಮಗಳಿಗೆ ನಾನೇ ಹೇಳುತ್ತೇನೆ, ನೀವು ಏನೂ ಹೇಳುವುದು ಬೇಡ. ಇನ್ನು ಮೇಲೆ ಪೆಟ್ಟಿಗೆ ಬರುವುದಿಲ್ಲ.